ಚೆಲ್ಲಿದರೆ ಚೆಲ್ಲಲಿ, ಮಕ್ಕಳು ಬೆರೆಸಲಿ

ಬೆಂಗಳೂರಿನ ಲಗ್ಗೆರೆಯ ಮನೆಗಳಲ್ಲಿ ಇವತ್ತು ರಸಾಯನಶಾಸ್ತ್ರದ ಪ್ರಯೋಗ ಮಾಡಿ ತೋರಿಸುತ್ತಿರುವವರು ಮೇಷ್ಟ್ರುಗಳಲ್ಲ, ಆರ್‌ಒ ಮೆಷಿನ್ ಮಾರುವವರು. ಬಾಗಿಲು ತಟ್ಟುತ್ತಾರೆ. "ಅಕ್ಕಾ, ನಿಮ್ಮ ನಲ್ಲಿ ನೀರು ಒಂದು ಲೋಟ ಕೊಡಿ" ಎನ್ನುತ್ತಾರೆ. ಅದರ ಪಕ್ಕ ತಾವು ತಂದ ನೀರಿನದೊಂದು ಲೋಟ ಇಡುತ್ತಾರೆ. ಲೋಹದ ಕಡ್ಡಿಗಳಿರುವ ಪುಟ್ಟ ಪೆಟ್ಟಿಗೆಯನ್ನು ಎರಡೂ ಲೋಟಗಳಿಗೆ ಇಳಿಬಿಟ್ಟು ಸ್ವಿಚ್ ಹಾಕುತ್ತಾರೆ. ನೋಡನೋಡುತ್ತಿದ್ದಂತೆ ಮನೆಯ ನೀರು ಕಂದಾಗಿ, ಮೇಲೆ ಹಸಿರು ಕೆನೆಗಟ್ಟಿ, ಚರಂಡಿಯ ನೀರಿನಂತಾಗುತ್ತದೆ. ಅವರ ಲೋಟ ಮಾತ್ರ ಹಾಗೇ ತಿಳಿ. "ನೋಡಿ ಅಕ್ಕಾ, ಮಕ್ಕಳಿಗೆ ಇದನ್ನೇ ಕುಡಿಸ್ತಾ ಇದೀರ." ಸಂಜೆಯೊಳಗೆ ಇಎಂಐ ಕಾಗದಕ್ಕೆ ಸಹಿ ಬಿದ್ದಿರುತ್ತದೆ.

ಆ ಕೊಳಕು ನೀರಿನದ್ದಲ್ಲ, ಕಡ್ಡಿಯದ್ದು. ಲವಣಗಳು ಕರಗಿರುವ ನೀರಿನಲ್ಲಿ ವಿದ್ಯುತ್ ಹರಿಯುತ್ತದೆ, ಕಬ್ಬಿಣದ ಕಡ್ಡಿ ಸವೆದು ತುಕ್ಕಿನಂಥ ಗಸಿಯಾಗಿ ನೀರಿಗಿಳಿಯುತ್ತದೆ. ಲವಣ ತೆಗೆದ ನೀರಿನಲ್ಲಿ ವಿದ್ಯುತ್ ಅಷ್ಟಾಗಿ ಹರಿಯದು, ಕಡ್ಡಿ ಸವೆಯದು. ಮಾರುವವರ ತಿಳಿನೀರಿಗೆ ಅಡುಗೆಮನೆಯಿಂದ ಒಂದು ಚಿಟಿಕೆ ಉಪ್ಪು ತಂದು ಹಾಕಿ, ಮತ್ತೆ ಸ್ವಿಚ್ ಹಾಕಿ ಎನ್ನಿ: ಅದೂ ಕಂದಾಗುತ್ತದೆ, ಆಟ ಮುಗಿಯುತ್ತದೆ. ಆದರೆ ಯಾರೂ ಉಪ್ಪಿನ ಡಬ್ಬಿಗೆ ಕೈ ಹಾಕುವುದಿಲ್ಲ. ಆ ಮನೆಯಲ್ಲೇ ಒಂಬತ್ತನೇ ಕ್ಲಾಸಿನ ಹುಡುಗಿ ಇದ್ದಾಳೆ. ವಿಜ್ಞಾನದಲ್ಲಿ ನೂರಕ್ಕೆ ತೊಂಬತ್ತು. ದ್ರಾವಕ, ದ್ರಾವ್ಯ, ದ್ರಾವಣ ಎಂದು ನಿದ್ದೆಯಲ್ಲೂ ಹೇಳುತ್ತಾಳೆ. ಅವಳೂ ಬಾಯಿಬಿಟ್ಟು ನೋಡುತ್ತ ನಿಂತಿರುತ್ತಾಳೆ. ತಪ್ಪು ಅವಳದ್ದಲ್ಲ. ಅವಳು ಶಾಲೆಯಲ್ಲಿ ಯಾವತ್ತೂ ಒಂದು ಲೋಟ ನೀರಿಗೆ ಒಂದು ಚಿಟಿಕೆ ಏನನ್ನೂ ಹಾಕಿ ನೋಡಿಯೇ ಇಲ್ಲ.

ಯಾಕೆ ಎಂದು ಕೇಳಿದರೆ ಉತ್ತರ ಸಿದ್ಧವಾಗಿಯೇ ಇರುತ್ತದೆ. "ನಮ್ಮಂಥ ಏರಿಯಾ ಶಾಲೆಗೆ ಲ್ಯಾಬು-ಗೀಬು ಎಲ್ಲ ಆಗಿಬರಲ್ಲ ಸಾರ್. ಪೋರ್ಷನ್ ಮುಗಿಸಬೇಕು. ಪ್ರಯೋಗ ಬೇಕಂದ್ರೆ ಸ್ಮಾರ್ಟ್ ಬೋರ್ಡಲ್ಲಿ ವಿಡಿಯೋ ಹಾಕ್ತೀವಿ, ಅದರಲ್ಲಿ ಇನ್ನೂ ಚೆನ್ನಾಗಿ ಕಾಣುತ್ತೆ." ಆಡಳಿತ ಮಂಡಳಿಯವರು ಹೀಗನ್ನುತ್ತಾರೆ, ಮಿಸ್ಸುಗಳು ಹೀಗನ್ನುತ್ತಾರೆ, ಫೀ ಕಟ್ಟುವ ಅಪ್ಪ ಅಮ್ಮಂದಿರೂ ತಲೆದೂಗುತ್ತಾರೆ. ಪ್ರಯೋಗ ಎಂದರೆ ಸದಾಶಿವನಗರದ ಮಕ್ಕಳ ಸೌಕರ್ಯ, ಲಗ್ಗೆರೆ, ಹೆಗ್ಗನಹಳ್ಳಿ, ರಾಜಗೋಪಾಲನಗರದ ಮಕ್ಕಳಿಗೆ ಗೈಡೇ ಗತಿ ಎಂಬುದು ಯಾರೂ ಎದುರು ಹೇಳದ ಮಾತಾಗಿಬಿಟ್ಟಿದೆ. ಈ ಒಪ್ಪಂದದಷ್ಟು ಸೋಮಾರಿಯಾದ, ಇಷ್ಟು ಸಲೀಸಾಗಿ ಮಕ್ಕಳ ಬುದ್ಧಿಯನ್ನು ಅಗ್ಗಕ್ಕೆ ಬಿಕರಿ ಮಾಡುವ ಇನ್ನೊಂದು ಅಭಿಪ್ರಾಯ ನಮ್ಮ ನಡುವೆ ಇದ್ದಂತಿಲ್ಲ.

ಮೊದಲು ಲ್ಯಾಬಿನ ನೆಪ ನೋಡೋಣ. ನಮ್ಮ ಮಕ್ಕಳು ವರ್ಷಗಳಿಂದ ಓದುತ್ತ ಬಂದಿರುವ ಎನ್‌ಸಿಇಆರ್‌ಟಿಯ ಒಂಬತ್ತನೇ ತರಗತಿ ವಿಜ್ಞಾನ ಪುಸ್ತಕದ ಮೊದಲ ಅಧ್ಯಾಯದಲ್ಲೇ ಒಂದು ಚಟುವಟಿಕೆ ಇದೆ. ಎರಡು ಮೂರು ಹರಳು ಪೊಟ್ಯಾಸಿಯಂ ಪರ್ಮಾಂಗನೇಟನ್ನು 100 ಮಿಲಿ ನೀರಿನಲ್ಲಿ ಕರಗಿಸಬೇಕು. ಅದರಿಂದ 10 ಮಿಲಿ ತೆಗೆದು 90 ಮಿಲಿ ತಿಳಿನೀರಿಗೆ ಹಾಕಬೇಕು. ಅದರಿಂದ ಮತ್ತೆ 10 ಮಿಲಿ, ಇನ್ನೊಂದು 90 ಮಿಲಿಗೆ. ಹೀಗೆ ಐದರಿಂದ ಎಂಟು ಸಲ. ನೀರಿಗೆ ಇನ್ನೂ ಬಣ್ಣ ಇದೆಯೇ ಎಂದು ಪುಸ್ತಕ ಕೇಳುತ್ತದೆ. ಪರ್ಮಾಂಗನೇಟ್ ಬೇಡವೆಂದರೆ 2 ಮಿಲಿ ಡೆಟಾಲ್ ಹಾಕಿ ವಾಸನೆ ಹಿಡಿಯಿರಿ ಎಂಬ ಉಪಾಯವೂ ಅಲ್ಲೇ ಇದೆ. ಇದಕ್ಕೆ ಯಾವ ಲ್ಯಾಬು ಬೇಕು? ಬೇಕಾದದ್ದು ಲೋಟ, ನೀರು, ಕೆಮ್ಮಿನ ಸಿರಪ್ಪಿನ ಬಾಟಲಿಯ ಮೇಲೆ ಬರುವ ಗೆರೆ ಹಾಕಿದ ಮುಚ್ಚಳ. ಎಲ್ಲರ ಮನೆಯ ಕಿಟಕಿ ಹಲಗೆಯ ಮೇಲೂ ಅಂಥ ಮುಚ್ಚಳ ಒಂದಾದರೂ ಬಿದ್ದಿರುತ್ತದೆ. ಪರ್ಮಾಂಗನೇಟಿನ ಕಲೆಗೆ ಹೆದರುವವರು ಬೀಟ್‌ರೂಟ್ ಬೇಯಿಸಿದ ನೀರು ತರಲಿ.

ಆದರೆ ತರಗತಿಯಲ್ಲಿ ನಡೆಯುವುದೇನು? ಒಬ್ಬ ಹುಡುಗ ಎದ್ದು ನಿಂತು ಆ ಚಟುವಟಿಕೆಯನ್ನು ಗಟ್ಟಿಯಾಗಿ ಓದುತ್ತಾನೆ. ಮಿಸ್ "ಬಣ್ಣ ಇದೆಯಾ?" ಎನ್ನುತ್ತಾರೆ. ನಲವತ್ತು ಗಂಟಲು ಒಟ್ಟಾಗಿ "ಇದೇ ಮಿಸ್" ಎನ್ನುತ್ತವೆ. ಬಣ್ಣವನ್ನು ಕಂಡವರು ಆ ಕೋಣೆಯಲ್ಲಿ ಒಬ್ಬರೂ ಇಲ್ಲ. ಗೈಡಿನಲ್ಲಿ "ಹೌದು" ಎಂದಿದೆ, ಆದ್ದರಿಂದ ಹೌದು. ಇದನ್ನು ವಿಜ್ಞಾನದ ಪಾಠ ಎನ್ನುವುದಾದರೆ ಮಗ್ಗಿ ಪುಸ್ತಕಕ್ಕೆ ಕುಂಕುಮ ಹಚ್ಚುವುದನ್ನು ಗಣಿತ ಎನ್ನಬಹುದು.

ಅದೇ ಪುಸ್ತಕದಲ್ಲಿ ಮುಂದೆ ಒಂದು ಲೆಕ್ಕ ಬರುತ್ತದೆ: 320 ಗ್ರಾಂ ನೀರಿನಲ್ಲಿ 40 ಗ್ರಾಂ ಉಪ್ಪಿದೆ, ದ್ರಾವಣದ ಸಾರತೆ ಶೇಕಡ ಎಷ್ಟು? ಸರಿಯುತ್ತರ ಶೇ 11.1. ಆದರೆ ಮಕ್ಕಳು ಸುಲಭವಾಗಿ ಜಾರಿ ಬೀಳುವುದು ಶೇ 12.5ಕ್ಕೆ, 40ನ್ನು 320ರಿಂದ ಭಾಗಿಸಿ. ಕೆಂಪು ಪೆನ್ನಿನ ಗೆರೆ ಬೀಳುತ್ತದೆ, "ಸೂತ್ರ ಹತ್ತು ಸಲ ಬರಿ" ಎಂಬ ಶಿಕ್ಷೆ ಬರುತ್ತದೆ. ಅದರ ಬದಲು ಬೀದಿ ತುದಿಯ ಅಂಗಡಿಯಿಂದ ತಕ್ಕಡಿ ತಂದು, ನೀರು ತೂಗಿ, ಉಪ್ಪು ಸುರಿದು ಕಲಸಿ, ಮತ್ತೊಮ್ಮೆ ತೂಗಿಸಿ ನೋಡಿ. ಉಪ್ಪು ಕಣ್ಣಿಗೆ ಕಾಣದು, ಆದರೆ ತಕ್ಕಡಿ 360 ತೋರಿಸುತ್ತದೆ. ಕರಗಿದ್ದು ಕಳೆದುಹೋಗಲಿಲ್ಲ ಎಂದು ಕಣ್ಣಾರೆ ಕಂಡ ಮಗು 320ರಿಂದ ಭಾಗಿಸಲು ಹೋಗುವುದಿಲ್ಲ. ಸೂತ್ರ ಹತ್ತು ಸಲ ಬರೆದ ಮಗು ಮುಂದಿನ ಪರೀಕ್ಷೆಯಲ್ಲೂ ಭಾಗಿಸುತ್ತದೆ.

ಇಷ್ಟಕ್ಕೂ ಸಾರತೆ ಎಂಬುದು ಹೇಳಿಕೊಟ್ಟರೆ ತಲೆಗೆ ಹೋಗುವ ಸಂಗತಿಯಲ್ಲ. ಟೆಲ್ ಅವೀವ್ ವಿಶ್ವವಿದ್ಯಾಲಯದ ಸಿಡ್ನಿ ಸ್ಟ್ರಾಸ್ ಮತ್ತು ರೂತ್ ಸ್ಟಾವಿ 1980ರ ದಶಕದ ಆರಂಭದಲ್ಲಿ ಇದರ ಬಗ್ಗೆ ಬರೆದಿದ್ದಾರೆ. ಒಂದೇ ಸಿಹಿಯ ಸಕ್ಕರೆ ನೀರನ್ನು ಎರಡು ಲೋಟದಿಂದ ಒಂದು ದೊಡ್ಡ ಲೋಟಕ್ಕೆ ಸುರಿದರೆ ಸಿಹಿ ಏನಾಗುತ್ತದೆ? ಪುಟ್ಟ ಮಕ್ಕಳು "ಅಷ್ಟೇ ಸಿಹಿ" ಎಂದು ಸರಿಯಾಗಿಯೇ ಹೇಳುತ್ತಾರೆ. ಸ್ವಲ್ಪ ದೊಡ್ಡವರಾದ ಮೇಲೆ "ಜಾಸ್ತಿ ಸಿಹಿ" ಎನ್ನತೊಡಗುತ್ತಾರೆ. ಆಮೇಲೆ ಎಷ್ಟೋ ವರ್ಷಕ್ಕೆ ಮತ್ತೆ ಸರಿಯುತ್ತರಕ್ಕೆ ಬರುತ್ತಾರೆ. ಅಂದರೆ ಕೂಡುವುದನ್ನು ಕಲಿಸಿ, ರುಚಿ ನೋಡುವುದನ್ನು ಬಿಡಿಸಿದ ವಯಸ್ಸಿನಲ್ಲಿ ಮಗು ದಾರಿ ತಪ್ಪುತ್ತದೆ. ಈ ಗೊಂದಲವನ್ನು ಸೂತ್ರ ಬಿಡಿಸದು, ನಾಲಿಗೆ ಬಿಡಿಸುತ್ತದೆ. ರಾಮನವಮಿಯ ದಿನ ನಮ್ಮ ಬೀದಿಬೀದಿಗಳಲ್ಲಿ ಪಾನಕ ಹಂಚುತ್ತೇವೆ. ಸಾಲು ಉದ್ದವಾದಂತೆ ಡ್ರಮ್ಮಿಗೆ ಬಿಂದಿಗೆಗಟ್ಟಲೆ ನೀರು ಬೀಳುತ್ತದೆ. ಮಧ್ಯಾಹ್ನದ ಹೊತ್ತಿಗೆ ಬೆಲ್ಲದ ನೆನಪು ಮಾತ್ರ ಉಳಿದಿರುತ್ತದೆ. ಬೆಳಗ್ಗೆಯ ಲೋಟಕ್ಕೂ ಮಧ್ಯಾಹ್ನದ ಲೋಟಕ್ಕೂ ವ್ಯತ್ಯಾಸ ಹೇಳಬಲ್ಲ ಮಗುವಿಗೆ ಸಾರತೆ ಗೊತ್ತು. ಡ್ರಮ್ಮಿನಲ್ಲಿದ್ದ ಬೆಲ್ಲ ಅಷ್ಟೇ, ಲೋಟಕ್ಕೆ ಬಂದದ್ದು ಕಡಿಮೆ ಎಂದು ಅದರ ಬಾಯಿಂದಲೇ ಹೊರಡಿಸಲು ಒಂದು ಪೀರಿಯಡ್ಡು ಸಾಕು. ಆ ಒಂದು ಪೀರಿಯಡ್ಡು ನಮ್ಮಲ್ಲಿಲ್ಲ. ಪೋರ್ಷನ್ ಮುಗಿಸಬೇಕಲ್ಲ!

ಸ್ಮಾರ್ಟ್ ಬೋರ್ಡಿನ ಮಾತಿಗೆ ಬರೋಣ. ವಿಡಿಯೋದಲ್ಲಿ ಬಣ್ಣ ಚೆನ್ನಾಗಿ ಕಾಣುತ್ತದೆ ನಿಜ. ತೊಂದರೆ ಇರುವುದೇ ಅಲ್ಲಿ. ಅಲ್ಲಿ ಯಾರೂ ತಪ್ಪು ಅಳೆಯುವುದಿಲ್ಲ. ಐದನೆಯ ಲೋಟದ ತೆಳು ಗುಲಾಬಿ ಇದೆಯೋ ಇಲ್ಲವೋ ಎಂದು ಮೊದಲ ಬೆಂಚು, ಕೊನೆಯ ಬೆಂಚು ಜಗಳವಾಡುವುದಿಲ್ಲ. ಹಿಂದೆ ಬಿಳಿ ಹಾಳೆ ಹಿಡಿದರೆ ಕಾಣುತ್ತದೆ ಎಂದು ಯಾವ ಜಾಣೆಗೂ ಹೊಳೆಯುವುದಿಲ್ಲ. ಒಬ್ಬ 10 ಮಿಲಿ ಬದಲು 20 ಹಾಕಿ, ಅವನ ಸಾಲು ಉಳಿದವರ ಸಾಲಿಗಿಂತ ಗಾಢವಾಗಿ, "ಯಾಕೋ ನಿಂದು ಹಿಂಗೆ?" ಎಂದು ಪಕ್ಕದವನು ಕೇಳುವುದಿಲ್ಲ. ಕಲಿಕೆ ಎಂಬುದು ಆ "ಯಾಕೋ"ದಲ್ಲಿದೆ. ಪರದೆಯ ಮೇಲೆ ಎಲ್ಲವೂ ಮೊದಲ ಸಲಕ್ಕೇ ಸರಿಯಾಗುತ್ತದೆ, ಮಾರುವವರ ಪೆಟ್ಟಿಗೆಯಲ್ಲಿ ಆಗುವಂತೆಯೇ. ನೋಡಿ ನಂಬು ಎಂದು ಹತ್ತು ವರ್ಷ ಕಲಿಸಿದ ಮೇಲೆ ಹುಡುಗಿ ಉಪ್ಪಿನ ಡಬ್ಬಿ ತರಲಿಲ್ಲ ಎಂದು ಕೊರಗುವುದು ಯಾವ ನ್ಯಾಯ?

ಇನ್ನು ಲ್ಯಾಬ್ ಇರುವ ಶಾಲೆಗಳ ಕಥೆ. ಅಲ್ಲಿ ಗಾಜಿನ ಬೀರು ಇದೆ, ಅದಕ್ಕೆ ಬೀಗ ಇದೆ, ಬೀಗದ ಕೈ ಹೆಡ್‌ಮಿಸ್ ಹತ್ತಿರ ಇದೆ, ಅವರು ಮೀಟಿಂಗಿಗೆ ಹೋಗಿದ್ದಾರೆ. ಇನ್‌ಸ್ಪೆಕ್ಷನ್ ದಿನ ಬೀಕರುಗಳಿಗೆ ಸ್ನಾನ. ಒಡೆದರೆ ಯಾರು ಕೊಡುತ್ತಾರೆ, ಚೆಲ್ಲಿದರೆ ಯಾರು ಒರೆಸುತ್ತಾರೆ ಎಂಬ ಚಿಂತೆ ನಮ್ಮ ವಿಜ್ಞಾನ ಶಿಕ್ಷಣದ ಎದೆಯ ಮೇಲೆ ಕೂತಿದೆ. ನೀತಿ ಆಯೋಗ 2016ರಲ್ಲಿ ಶುರು ಮಾಡಿದ ಅಟಲ್ ಟಿಂಕರಿಂಗ್ ಲ್ಯಾಬಿಗೆ ಶಾಲೆಯೊಂದಕ್ಕೆ 20 ಲಕ್ಷ ರೂಪಾಯಿವರೆಗೆ ಅನುದಾನ. ರೋಬೋಟು, ತ್ರೀಡಿ ಪ್ರಿಂಟರು. ಬೇಡ ಎನ್ನುತ್ತಿಲ್ಲ. ಆದರೆ ರೋಬೋಟಿನ ಫೋಟೋ ಪೇಪರಿನಲ್ಲಿ ಬರುತ್ತದೆ, ಆರು ಸ್ಟೀಲ್ ಲೋಟದ ಫೋಟೋ ಬರುವುದಿಲ್ಲ ಎಂಬುದಷ್ಟೇ ನಮ್ಮ ಆದ್ಯತೆಯನ್ನು ನಿರ್ಧರಿಸಬೇಕೇ?

"ಎಸ್ಸೆಸ್ಸೆಲ್ಸಿಗೆ ಪ್ರಾಕ್ಟಿಕಲ್ಲೇ ಇಲ್ವಲ್ಲ ಸಾರ್." ಇದು ಬ್ರಹ್ಮಾಸ್ತ್ರ. ಹೌದು, ಲಿಖಿತ ಪರೀಕ್ಷೆಗೆ 80, ಆಂತರಿಕ ಮೌಲ್ಯಮಾಪನಕ್ಕೆ 20. ಆ ಇಪ್ಪತ್ತು ಎಲ್ಲಿ ಹೋಗುತ್ತದೆ? ಬೋರ್ಡಿನ ಮೇಲೆ ಬರೆದ "ಉದ್ದೇಶ, ಬೇಕಾಗುವ ಸಾಮಗ್ರಿ, ವಿಧಾನ, ತೀರ್ಮಾನ"ವನ್ನು ನೋಟ್ ಬುಕ್ಕಿಗೆ ಇಳಿಸಿ, ಕಂದು ರ್‍ಯಾಪರ್ ಹಾಕಿ, ಲೇಬಲ್ ಅಂಟಿಸಿದವರಿಗೆಲ್ಲ ಧಾರಾಳವಾಗಿ ಹಂಚಲಾಗುತ್ತದೆ. ಮಾಡದ ಪ್ರಯೋಗಕ್ಕೆ ತೀರ್ಮಾನ ಬರೆಯುವುದನ್ನು ವಿಜ್ಞಾನದಲ್ಲಿ ಸುಳ್ಳು ಎನ್ನುತ್ತಾರೆ. ನಾವು ಹದಿನೈದರ ಹರೆಯದಲ್ಲೇ ಅದಕ್ಕೆ ಅಂಕ ಕೊಟ್ಟು ಅಭ್ಯಾಸ ಮಾಡಿಸುತ್ತೇವೆ.

ಬೇರೆ ದಾರಿ ಇರಲಿಲ್ಲವೇ? ಇತ್ತು, ನಮ್ಮ ದೇಶದಲ್ಲೇ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ 16 ಹಳ್ಳಿ ಶಾಲೆಗಳಲ್ಲಿ ಶುರುವಾದ ವಿಜ್ಞಾನ ಕಾರ್ಯಕ್ರಮ ಮುಂದೆ ನೂರಾರು ಸರ್ಕಾರಿ ಶಾಲೆಗಳಿಗೆ ಹಬ್ಬಿ 30 ವರ್ಷ ನಡೆಯಿತು. ಮಕ್ಕಳು ಗುಂಪಾಗಿ ಕೂತು ಕೈಯಾರೆ ಪ್ರಯೋಗ ಮಾಡುತ್ತಿದ್ದರು. ಪರೀಕ್ಷೆಗೆ ಪುಸ್ತಕ ಒಯ್ಯಬಹುದಿತ್ತು, ಪ್ರಾಯೋಗಿಕ ಪರೀಕ್ಷೆಯೂ ಇತ್ತು. ಬಡ ಜಿಲ್ಲೆ, ಸಾಧಾರಣ ಮೇಷ್ಟ್ರುಗಳು. 2002ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು ಎಂಬುದು ಸರ್ಕಾರದ ಮೇಲಿನ ಆರೋಪ, ಮಕ್ಕಳ ಮೇಲಿನದ್ದಲ್ಲ. ನಮ್ಮಲ್ಲೂ 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಕನ್ನಡದಲ್ಲಿ 'ಬಾಲ ವಿಜ್ಞಾನ' ತಂದು ಮನೆಮಟ್ಟದ ವಿಜ್ಞಾನಕ್ಕೆ ದಾರಿ ಹಾಕಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಮು ಚಟುವಟಿಕೆ, ಶೋಧನೆ, ಅನ್ವೇಷಣೆಗಳ ಮೂಲಕವೇ ಕಲಿಕೆ ನಡೆಯಬೇಕು ಎನ್ನುತ್ತದೆ. ಎಂಟನೇ ತರಗತಿವರೆಗೆ ಅದು ಮಗುವಿನ ಹಕ್ಕು. ಮೇಷ್ಟ್ರ ಕೃಪೆ ಅಲ್ಲ, ಆಡಳಿತ ಮಂಡಳಿಯ ದಾನವೂ ಅಲ್ಲ.

ಇಷ್ಟೆಲ್ಲ ಸಿಟ್ಟು ಒಂದು ಪಾಠಕ್ಕಾಗಿಯೇ? ಈ ಪಾಠಕ್ಕಾಗಿಯೇ, ಅದೂ ಈ ಜಾಗದಲ್ಲಿ. ಲಗ್ಗೆರೆಯ ಮಗ್ಗುಲಲ್ಲೇ ಪೀಣ್ಯ ಕೈಗಾರಿಕಾ ಪ್ರದೇಶ ಇದೆ. ಇಲ್ಲಿನ ಎಷ್ಟೋ ಅಪ್ಪಂದಿರು ಬೆಳಗ್ಗೆ ಊಟದ ಡಬ್ಬಿ ಹಿಡಿದು ಹೊರಡುವುದು ಅಲ್ಲಿನ ಶೆಡ್ಡುಗಳಿಗೆ. ಅಲ್ಲಿ ಲೋಹಕ್ಕೆ ಹೊಳಪು ಕೊಡುವ ಪ್ಲೇಟಿಂಗ್ ಘಟಕಗಳಿವೆ, ಅವುಗಳ ತೊಟ್ಟಿಗಳಲ್ಲಿ ಕ್ರೋಮಿಯಂ ಇದೆ, ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸಿಕ್ಕಿದ್ದನ್ನು ಸರ್ಕಾರಿ ಸಂಸ್ಥೆಗಳೇ ದಾಖಲಿಸಿವೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರುವಂತಿಲ್ಲ. 0.05 ಎಂದರೆ ಎಷ್ಟು? ಗೈಡು ಓದಿದವರಿಗೆ ಅದು ದಶಮಾಂಶ ಬಿಂದುವಿನ ಆಚೆಗಿನ ಧೂಳು. ಲೋಟಗಳ ಸಾಲು ಹಚ್ಚಿದವರಿಗೆ ಗೊತ್ತು: ಒಂದು ಪದಾರ್ಥವನ್ನು ಹತ್ತಕ್ಕೊಂದು, ಹತ್ತಕ್ಕೊಂದು ಎಂದು ತೆಳುಗೊಳಿಸುತ್ತ ಹೋದರೆ ಏಳನೆಯ ಲೋಟದಲ್ಲಿ ಕೋಟಿಗೆ ಒಂದು ಭಾಗ ಉಳಿಯುತ್ತದೆ, ಅಂದರೆ ಲೀಟರಿಗೆ 0.1 ಮಿಲಿಗ್ರಾಂ. ಬಣ್ಣವಿಲ್ಲ, ನೀರು ಸ್ಫಟಿಕದಂತಿದೆ. ಕ್ರೋಮಿಯಂ ಆಗಿದ್ದರೆ ಆ ಸ್ಫಟಿಕದಂಥ ಲೋಟವೂ ಮಿತಿಯ ಎರಡು ಪಟ್ಟು.

"ನೀರು ತಿಳಿಯಾಗಿದೆ, ಕುಡಿಯಬಹುದು" ಎನ್ನುವವರನ್ನು ಈ ಏಳನೆಯ ಲೋಟ ಮಾತಾಡಿಸುತ್ತದೆ. "ಮಳೆಗಾಲದಲ್ಲಿ ಎಲ್ಲ ಕೊಚ್ಚಿಹೋಗುತ್ತೆ ಬಿಡಿ" ಎನ್ನುವವರನ್ನೂ ಮಾತಾಡಿಸುತ್ತದೆ. ಲೀಟರಿಗೆ 10 ಮಿಲಿಗ್ರಾಂ ವಿಷವಿರುವ 100 ಲೀಟರ್ ಕೊಳಕಿಗೆ 9,900 ಲೀಟರ್ ನೀರು ಸೇರಿಸಿ. ಸಾರತೆ 0.1ಕ್ಕೆ ಇಳಿಯಿತು. ವಿಷ? ಮೊದಲೂ ಒಂದು ಗ್ರಾಂ, ಈಗಲೂ ಒಂದು ಗ್ರಾಂ. ಅದು ರಾಜಕಾಲುವೆ ಹಿಡಿದು ವೃಷಭಾವತಿಗೆ, ಬೈರಮಂಗಲ ಕೆರೆಗೆ, ಅರ್ಕಾವತಿಗೆ, ಸಂಗಮದಲ್ಲಿ ಕಾವೇರಿಗೆ ಹೋಗುತ್ತದೆ. ದಾರಿಯಲ್ಲಿ ಆ ನೀರು ಹೊಲಗಳಿಗೂ ಹರಿಯುತ್ತದೆ. ತೆಳುವಾಗುವುದು ಬೇರೆ, ಇಲ್ಲವಾಗುವುದು ಬೇರೆ. ಪಾನಕದ ಡ್ರಮ್ಮಿನಲ್ಲಿ ಇದನ್ನು ಕಲಿಯದ ಹುಡುಗನೇ ನಾಳೆ ಶೆಡ್ಡಿನ ಸೂಪರ್‌ವೈಸರ್ ಆಗಿ "ನೀರು ಹೊಡೆದು ಬಿಟ್ಬಿಡ್ರೋ" ಎನ್ನುತ್ತಾನೆ.

2024ರ ಬೇಸಿಗೆಯಲ್ಲಿ ನಗರದ ಕೊಳವೆಬಾವಿಗಳು ಒಣಗಿ ಟ್ಯಾಂಕರಿಗೆ ಸಾಲು ನಿಂತೆವಲ್ಲ, ಆಗ ನಮ್ಮ ಕೈಲಿದ್ದ ಒಂದೇ ಆಯುಧ ಟಿಡಿಎಸ್ ಮೀಟರು. ಕಡ್ಡಿಯಂಥ ಮೀಟರು ಅದ್ದಿ, 80 ಬಂದರೆ ಅಮೃತ, 900 ಬಂದರೆ ವಿಷ ಎಂದು ತೀರ್ಪು. ಅದು ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನು, ಅದರಿಂದ ಕರಗಿದ ಒಟ್ಟು ಲವಣವನ್ನು ಅಂದಾಜಿಸುತ್ತದೆ. ಏನು ಕರಗಿದೆ ಎಂದು ಅದಕ್ಕೆ ಗೊತ್ತಿಲ್ಲ. ಮಾನಕದ ಪ್ರಕಾರ ಟಿಡಿಎಸ್ 500 ಇರಬಹುದು, ಬೇರೆ ಮೂಲವಿಲ್ಲದಾಗ 2,000ದವರೆಗೂ ಆಗಬಹುದು. 80 ತೋರಿಸುವ ನೀರಿನಲ್ಲಿ 0.1 ಕ್ರೋಮಿಯಂ ಇದ್ದರೆ ಮೀಟರು ತುಟಿಪಿಟಕ್ಕೆನ್ನದು. ಮೂರು ಲೋಟಕ್ಕೆ ಉಪ್ಪು, ಸಕ್ಕರೆ, ಏನೂ ಇಲ್ಲ ಎಂದು ಮಾಡಿ ಆ ಮೀಟರು ಅದ್ದಿಸಿದರೆ ಎಂಟನೇ ಕ್ಲಾಸಿನ ಮಗುವಿಗೆ ಇದು ಐದು ನಿಮಿಷದಲ್ಲಿ ಹೊಳೆಯುತ್ತದೆ: ಉಪ್ಪಿಗೆ ಅಂಕಿ ಜಿಗಿಯುತ್ತದೆ, ಚಮಚಗಟ್ಟಲೆ ಸಕ್ಕರೆಗೆ ಅಲ್ಲಾಡುವುದೇ ಇಲ್ಲ. ಮನೆಮನೆಯಲ್ಲಿ ಇರುವ ಉಪಕರಣ ಇದು. ಶಾಲೆಗೆ ತನ್ನಿ ಎಂದು ಎಷ್ಟು ಶಾಲೆಗಳು ಹೇಳಿವೆ?

ಮಗುವಿಗೆ ಭೇದಿಯಾದಾಗ ಕೊಡುವ ಓಆರ್‌ಎಸ್ಸೂ ಇದೇ ಪಾಠ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಲೀಟರ್ ನೀರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸೋಡಿಯಂ ಸಿಟ್ರೇಟ್. ಮೆಡಿಕಲ್ ಶಾಪಿನಲ್ಲಿ ಲೀಟರಿನ ಪೊಟ್ಟಣವೂ ಇದೆ, 200 ಮಿಲಿಯದ್ದೂ ಇದೆ. ಲೀಟರಿನ ಪೊಟ್ಟಣವನ್ನು ಅವಸರದಲ್ಲಿ ಒಂದು ಲೋಟಕ್ಕೆ ಸುರಿದರೆ ಐದು ಪಟ್ಟು ಗಾಢ, ಮೊದಲೇ ಒಣಗಿದ ಕೂಸಿನ ಮೈಯಿಂದ ಅದು ಇನ್ನಷ್ಟು ನೀರೆಳೆಯುತ್ತದೆ. ಹೆಸರಿಗೆ ಓಆರ್‌ಎಸ್, ಒಳಗೆ ಸಕ್ಕರೆ ಪಾಕ ಎಂಬಂಥ ಪಾನೀಯಗಳು ವರ್ಷಗಟ್ಟಲೆ ಬಿಕರಿಯಾಗಿ, ಕೊನೆಗೆ 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆ ಹೆಸರು ಬಳಸಬೇಡಿ ಎಂದು ಆದೇಶಿಸಬೇಕಾಯಿತು. ಲೇಬಲ್ಲಿನ ಗ್ರಾಂ ಲೆಕ್ಕ ಓದಬಲ್ಲ ಗಿರಾಕಿಗಳಿದ್ದಿದ್ದರೆ ಅಷ್ಟು ದಿನ ನಡೆಯುತ್ತಿತ್ತೇ? ಹೋಮಿಯೋಪತಿಯ 30ಸಿ ಗುಳಿಗೆಗೂ ಇದೇ ಪ್ರಶ್ನೆ. 30ಸಿ ಎಂದರೆ ನಮ್ಮ ಹತ್ತಕ್ಕೊಂದರ ಲೋಟ ಅರವತ್ತು. ಇಪ್ಪತ್ತೈದನೆಯ ಲೋಟ ದಾಟುವಷ್ಟರಲ್ಲಿ ಮೂಲ ಪದಾರ್ಥದ ಒಂದು ಅಣುವೂ ಉಳಿದಿರುವ ಸಂಭವ ಇಲ್ಲವಾಗುತ್ತ ಬರುತ್ತದೆ. ಯಾರಾದರೂ ಬೇಸರಪಟ್ಟುಕೊಳ್ಳಲಿ, ಲೆಕ್ಕ ಇರುವುದು ಹಾಗೆ.

ಆದ್ದರಿಂದ ಬೇಡಿಕೆಗಳನ್ನು ನೇರವಾಗಿ ಹೇಳುತ್ತೇನೆ. ಶಿಕ್ಷಣ ಇಲಾಖೆ ಆಂತರಿಕ ಮೌಲ್ಯಮಾಪನದ ಆ ಇಪ್ಪತ್ತು ಅಂಕಗಳಲ್ಲಿ ಹತ್ತನ್ನಾದರೂ ಮಗು ಕೈಯಾರೆ ಮಾಡಿ, ತನ್ನ ಅಳತೆಯನ್ನು ತನ್ನ ಮಾತಿನಲ್ಲಿ ಬರೆದದ್ದಕ್ಕೆ ಮೀಸಲಿಡಲಿ, ಬೋರ್ಡಿನಿಂದ ಇಳಿಸಿದ ರೆಕಾರ್ಡಿಗೆ ಸೊನ್ನೆ ಕೊಡಲಿ. ಬಿಇಒ ಸಾಹೇಬರು ಇನ್‌ಸ್ಪೆಕ್ಷನ್ನಿಗೆ ಬಂದಾಗ ಬೀರು ನೋಡದೆ ಮಕ್ಕಳ ಕೈ ನೋಡಲಿ: ಪರ್ಮಾಂಗನೇಟಿನ ಕಂದು ಕಲೆ ಇಲ್ಲದ ಒಂಬತ್ತನೇ ತರಗತಿ ಪಾಠ ಮುಗಿಸಿಲ್ಲ ಎಂದು ಬರೆದುಕೊಳ್ಳಲಿ. ಮೇಷ್ಟ್ರುಗಳೇ, ಮಿಸ್ಸುಗಳೇ, ಅನುಮತಿಗೆ ಕಾಯಬೇಡಿ, ನಾಳೆ ನಾಲ್ಕು ಲೋಟ ತರಿಸಿ. ಚೆಲ್ಲಿದರೆ ಒರೆಸಲು ಬಟ್ಟೆ ಇದೆ.

ಮತ್ತು ಲಗ್ಗೆರೆಯ ಅಪ್ಪ ಅಮ್ಮಂದಿರೇ, ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ ಸಭೆಯಲ್ಲಿ, ಖಾಸಗಿಯಾದರೆ ಎರಡನೇ ಕಂತಿನ ಫೀ ಕಟ್ಟುವ ಕೌಂಟರಿನ ಮುಂದೆ, ಸ್ಮಾರ್ಟ್ ಬೋರ್ಡ್ ಎಷ್ಟು ಇಂಚಿನದ್ದು ಎಂದು ಕೇಳಬೇಡಿ. ಮೊದಲ ಅಧ್ಯಾಯದ ಆ ಪರ್ಮಾಂಗನೇಟ್ ಪ್ರಯೋಗವನ್ನು ನಮ್ಮ ಮಗು ತಾನೇ ಮಾಡಿತೇ, ಎಷ್ಟನೆಯ ಲೋಟದಲ್ಲಿ ಬಣ್ಣ ಹೋಯಿತು ಎಂದು ಕೇಳಿ. ಉತ್ತರಕ್ಕೆ ತಡವರಿಸಿದರೆ, ಆ ಪಾಠ ಆಗಿಲ್ಲ ಎಂದು ಅಲ್ಲೇ ಹೇಳಿ, ಮತ್ತೆ ಮಾಡಿಸಿ.